ಅಲ್ಜೀರಿಯಾ–ಮೊರಾಕ್ಕೊ: ಮುಚ್ಚಿದ ಗಡಿ, ಮುರಿದ ಸಂಬಂಧ ಮತ್ತು ವಾಣಿಜ್ಯದ ಲೆಕ್ಕ

ಮೆಡಿಟರೇನಿಯನ್ ಸಮುದ್ರದ ದಕ್ಷಿಣಕ್ಕೆ, ಟ್ಯುನೀಷಿಯಾದ ಗಡಿಯಿಂದ ಮೊರಾಕ್ಕೊದ ಗಡಿಯವರೆಗೆ, ಅಲ್ಜೀರಿಯಾ ಸರಕಾರವು ಸುಮಾರು 1,200 ಕಿಲೋಮೀಟರ್ ಉದ್ದದ ಪೂರ್ವ–ಪಶ್ಚಿಮ ಹೆದ್ದಾರಿಯನ್ನು ನಿರ್ಮಿಸಿದೆ. ಮೊರಾಕ್ಕೊ ಸರಕಾರವು ಫೆಸ್ ನಗರದಿಂದ ಗಡಿಯಂಚಿನ ಉಜ್ದಾ ನಗರದವರೆಗಿನ ತನ್ನ ಹೆದ್ದಾರಿಯನ್ನು 2011ರಲ್ಲಿ ಸಂಚಾರಕ್ಕೆ ತೆರೆಯಿತು. ಉಜ್ದಾದಿಂದ ಗಡಿಗೆ ಇರುವ ದೂರ ಸುಮಾರು ಹದಿನೈದು ಕಿಲೋಮೀಟರ್ ಮಾತ್ರ. ಕಾಸಾಬ್ಲಾಂಕಾದಿಂದ ಟ್ಯುನಿಸ್‌ವರೆಗೆ ಸರಕು ಲಾರಿಯೊಂದು ತಡೆಯಿಲ್ಲದೆ ಸಾಗಬಹುದಾದ ಮಾರ್ಗವು ಹೀಗೆ ಬಹುಮಟ್ಟಿಗೆ ಸಿದ್ಧವಾಗಿದ್ದರೂ, ಆ ಲಾರಿ ಸಾಗಲಾರದು. ಎರಡು ದೇಶಗಳ ನಡುವಿನ ಭೂಗಡಿಯು 1994ರಲ್ಲಿ ಮುಚ್ಚಲ್ಪಟ್ಟು, ಮೂರು ದಶಕಗಳು ಕಳೆದರೂ ತೆರೆದಿಲ್ಲ. ಅದರ ಮೇಲೆ 2021ರ ಆಗಸ್ಟ್ 24ರಂದು ಅಲ್ಜೀರಿಯಾ ತನ್ನ ನೆರೆರಾಷ್ಟ್ರದೊಡನೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು.

ಎರಡೂ ಇಸ್ಲಾಂ ಧರ್ಮೀಯರು ಬಹುಸಂಖ್ಯಾತರಾಗಿರುವ ರಾಷ್ಟ್ರಗಳು. ಅರಬ್ಬಿ ಮತ್ತು ಅಮಾಜಿಗ್ ಭಾಷೆಗಳು ಎರಡೂ ಕಡೆ ಬಳಕೆಯಲ್ಲಿವೆ. ವ್ಯಾಪಾರಿಗಳ ನಡುವೆ ಫ್ರೆಂಚ್ ಕೂಡ ನಡೆಯುತ್ತದೆ. ಅರಬ್ ಲೀಗ್, ಇಸ್ಲಾಮಿಕ್ ಸಹಕಾರ ಸಂಘಟನೆ, ಆಫ್ರಿಕನ್ ಒಕ್ಕೂಟ ಇವೆಲ್ಲದರಲ್ಲಿಯೂ ಎರಡಕ್ಕೂ ಸದಸ್ಯತ್ವವಿದೆ. ಧರ್ಮ, ಭಾಷೆ, ರಕ್ತಸಂಬಂಧಗಳು ಒಂದೇ ಆದ ಮಾತ್ರಕ್ಕೆ ವಾಣಿಜ್ಯ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಗೆ ಇವರ ಚರಿತ್ರೆಯಷ್ಟು ಬಲವಾದ ಪ್ರತ್ಯುತ್ತರ ಬೇರೊಂದಿಲ್ಲ. ರಾಜತಾಂತ್ರಿಕ ಸಂಬಂಧ ಮುರಿದಾಗ ವ್ಯಾಪಾರದಲ್ಲಿ ನಿಜವಾಗಿ ಏನು ನಿಲ್ಲುತ್ತದೆ, ಏನು ಮುಂದುವರಿಯುತ್ತದೆ ಎಂಬುದನ್ನು ತಿಳಿಯಬಯಸುವ ರಫ್ತುದಾರರಿಗೂ ಈ ಪ್ರಕರಣ ಅಧ್ಯಯನಯೋಗ್ಯವಾಗಿದೆ.

ವೈಮನಸ್ಯದ ಬೇರುಗಳು

ಮೊರಾಕ್ಕೊ 1956ರಲ್ಲಿ ಸ್ವತಂತ್ರವಾಯಿತು. ಅಲ್ಜೀರಿಯಾ ಎಂಟು ವರ್ಷಗಳ ಕಠೋರ ಯುದ್ಧದ ನಂತರ 1962ರಲ್ಲಿ ಫ್ರೆಂಚ್ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ವಸಾಹತು ಆಡಳಿತವು ಸಹಾರಾ ಮರುಭೂಮಿಯ ಭಾಗದಲ್ಲಿ ಗಡಿರೇಖೆಯನ್ನು ಸ್ಪಷ್ಟವಾಗಿ ಗುರುತಿಸದೆ ಹೋದುದೇ ಮೊದಲ ತಕರಾರಿಗೆ ಕಾರಣ. 1963ರ ಅಕ್ಟೋಬರ್‌ನಲ್ಲಿ ಟಿಂಡೌಫ್ ಮತ್ತು ಫಿಗಿಗ್ ಪ್ರದೇಶಗಳ ಸುತ್ತ ನಡೆದ ಅಲ್ಪಾವಧಿಯ ಕಾಳಗವು ‘ಮರಳಿನ ಯುದ್ಧ’ ಎಂದು ಹೆಸರಾಯಿತು. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಹಾಗೂ ಮಾಲಿ ದೇಶದ ಅಧ್ಯಕ್ಷ ಮೊದಿಬೊ ಕೀಟಾ ಅವರ ಮಧ್ಯಸ್ಥಿಕೆಯಿಂದ ಬಮಾಕೊದಲ್ಲಿ ಕದನವಿರಾಮವಾಯಿತು. 1972ರಲ್ಲಿ ರಬಾತ್‌ನಲ್ಲಿ ಗಡಿ ಒಪ್ಪಂದಕ್ಕೆ ಸಹಿ ಬಿದ್ದಿತು. ಅಲ್ಲಿಗೆ ವಿವಾದ ಮುಗಿಯಿತು ಎನ್ನುವ ಹೊತ್ತಿಗೆ ಪಶ್ಚಿಮ ಸಹಾರಾ ಪ್ರಶ್ನೆ ತಲೆಯೆತ್ತಿತು.

ಸ್ಪೇನಿನ ವಸಾಹತಾಗಿದ್ದ ಪಶ್ಚಿಮ ಸಹಾರಾ ತನ್ನದೆಂದು ಮೊರಾಕ್ಕೊ ವಾದಿಸಿತು. 1975ರ ನವೆಂಬರ್ 6ರಂದು ದೊರೆ ಎರಡನೆಯ ಹಸನ್ ಅವರ ಕರೆಯಂತೆ ಸುಮಾರು 3.5 ಲಕ್ಷ ನಿಶ್ಶಸ್ತ್ರ ಮೊರಾಕ್ಕನ್ನರು ಆ ಪ್ರದೇಶದತ್ತ ನಡೆದರು. ಇದು ‘ಹಸಿರು ನಡಿಗೆ’ ಎಂದು ಪ್ರಸಿದ್ಧ. ಅಲ್ಲಿಯ ಜನರಿಗೆ ಸ್ವಯಂನಿರ್ಣಯದ ಹಕ್ಕು ಬೇಕೆಂಬ ಪೊಲಿಸಾರಿಯೊ ಸಂಘಟನೆಗೆ ಅಲ್ಜೀರಿಯಾ ಬೆಂಬಲವಾಗಿ ನಿಂತಿತು. ಅದೇ ವರ್ಷದ ಕೊನೆಯಲ್ಲಿ ಅಲ್ಜೀರಿಯಾದಲ್ಲಿ ನೆಲೆಸಿದ್ದ ಮೊರಾಕ್ಕನ್ನರ ಸಹಸ್ರಾರು ಕುಟುಂಬಗಳನ್ನು ಹೊರದೂಡಲಾಯಿತು. 1976ರ ಫೆಬ್ರವರಿಯಲ್ಲಿ ಪೊಲಿಸಾರಿಯೊ ‘ಸಹ್ರಾವಿ ಅರಬ್ ಪ್ರಜಾಸತ್ತಾತ್ಮಕ ಗಣರಾಜ್ಯ’ವನ್ನು ಘೋಷಿಸಿತು. ಮಾರ್ಚ್ ತಿಂಗಳಲ್ಲಿ ಅಲ್ಜೀರಿಯಾ ಅದಕ್ಕೆ ಮಾನ್ಯತೆ ನೀಡಿದೊಡನೆ ಮೊರಾಕ್ಕೊ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ಆಗ ಕಡಿದವರು ಮೊರಾಕ್ಕನ್ನರು, 2021ರಲ್ಲಿ ಕಡಿದವರು ಅಲ್ಜೀರಿಯನ್ನರು ಎಂಬ ವ್ಯತ್ಯಾಸವನ್ನು ಬಿಟ್ಟರೆ ಎರಡರ ಹಿಂದಿನ ಕಾರಣ ಬಹುಮಟ್ಟಿಗೆ ಒಂದೇ.

ಹನ್ನೆರಡು ವರ್ಷಗಳ ನಂತರ, ಸೌದಿ ಅರೇಬಿಯಾದ ದೊರೆ ಫಹಾದ್ ಅವರ ಪ್ರಯತ್ನಗಳ ಫಲವಾಗಿ, 1988ರ ಮೇ ತಿಂಗಳಲ್ಲಿ ಸಂಬಂಧ ಪುನಃಸ್ಥಾಪನೆಯಾಯಿತು. 1989ರ ಫೆಬ್ರವರಿ 17ರಂದು ಮರ್ರಾಕೆಶ್‌ನಲ್ಲಿ ಅಲ್ಜೀರಿಯಾ, ಲಿಬಿಯಾ, ಮೌರಿಟಾನಿಯಾ, ಮೊರಾಕ್ಕೊ, ಟ್ಯುನೀಷಿಯಾಗಳು ಕೂಡಿ ‘ಅರಬ್ ಮಘ್ರೆಬ್ ಒಕ್ಕೂಟ’ವನ್ನು ಸ್ಥಾಪಿಸಿದವು. ಆ ಕೆಲವು ವರ್ಷಗಳು ಗಡಿನಾಡಿನ ಪೇಟೆಗಳಿಗೆ ಸುಗ್ಗಿಯ ಕಾಲ. ಅಲ್ಜೀರಿಯಾದ ಕುಟುಂಬಗಳು ಖರೀದಿಗೆಂದು, ವಿಹಾರಕ್ಕೆಂದು ಉಜ್ದಾಕ್ಕೆ ಬಂದು ಹೋಗುತ್ತಿದ್ದವು. 1994ರ ಆಗಸ್ಟ್ 24ರಂದು ಮರ್ರಾಕೆಶ್‌ನ ಹೋಟೆಲೊಂದರ ಮೇಲೆ ನಡೆದ ಭಯೋತ್ಪಾದಕ ದಾಳಿಯಲ್ಲಿ ಇಬ್ಬರು ಸ್ಪ್ಯಾನಿಷ್ ಪ್ರವಾಸಿಗರು ಹತರಾದರು. ಅಲ್ಜೀರಿಯಾದ ಗುಪ್ತಚರರತ್ತ ಬೆರಳು ತೋರಿದ ಮೊರಾಕ್ಕೊ, ಅಲ್ಜೀರಿಯನ್ನರಿಗೆ ವೀಸಾ ಕಡ್ಡಾಯ ಮಾಡಿತು. ಅಲ್ಜೀರಿಯಾ ಪ್ರತಿಯಾಗಿ ಭೂಗಡಿಯನ್ನೇ ಮುಚ್ಚಿತು. 2004ರಲ್ಲಿ ಮೊರಾಕ್ಕೊ, 2005ರಲ್ಲಿ ಅಲ್ಜೀರಿಯಾ ವೀಸಾ ನಿಯಮವನ್ನು ಸಡಿಲಿಸಿದರೂ ಗಡಿಯ ಬಾಗಿಲು ಮಾತ್ರ ತೆರೆಯಲಿಲ್ಲ. ಮಘ್ರೆಬ್ ಒಕ್ಕೂಟದ ರಾಷ್ಟ್ರಾಧ್ಯಕ್ಷರ ಶೃಂಗಸಭೆಯೂ 1994ರ ನಂತರ ನಡೆದಿಲ್ಲ.

ಸಂಬಂಧ ಕಡಿಯುವುದೆಂದರೆ ಏನು?

ದಿನಪತ್ರಿಕೆಗಳಲ್ಲಿ ‘ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು’, ‘ಸಂಬಂಧ ಕಡಿತ’, ‘ಗಡಿ ಬಂದ್’ ಎಂಬ ಮಾತುಗಳು ಒಂದೇ ಅರ್ಥದಲ್ಲಿ ಬಳಕೆಯಾಗುವುದುಂಟು. ಕಾನೂನಿನ ದೃಷ್ಟಿಯಲ್ಲಿ ಇವು ಬೇರೆ ಬೇರೆ. ಎರಡು ರಾಷ್ಟ್ರಗಳ ನಡುವೆ ರಾಜತಾಂತ್ರಿಕ ಸಂಬಂಧವು ಪರಸ್ಪರ ಸಮ್ಮತಿಯಿಂದ ಮಾತ್ರ ಏರ್ಪಡುತ್ತದೆ ಎನ್ನುತ್ತದೆ 1961ರ ವಿಯೆನ್ನಾ ಒಡಂಬಡಿಕೆ. ಕೂಡುವುದಕ್ಕೆ ಇಬ್ಬರೂ ಒಪ್ಪಬೇಕು. ಕಡಿಯಲು ಒಬ್ಬರು ಸಾಕು. ಸಮಾಲೋಚನೆಗೆಂದು ರಾಯಭಾರಿಯನ್ನು ಕರೆಸಿಕೊಳ್ಳುವುದು ಅಸಮಾಧಾನದ ಮೊದಲ ಮೆಟ್ಟಿಲು. ಆಗ ರಾಯಭಾರ ಕಚೇರಿ ಕಿರಿಯ ಅಧಿಕಾರಿಯ ಕೈಯಲ್ಲಿ ಎಂದಿನಂತೆ ನಡೆಯುತ್ತದೆ. ಸಂಬಂಧವನ್ನೇ ಕಡಿದಾಗ ಕಚೇರಿ ಮುಚ್ಚುತ್ತದೆ. ಆದರೂ ಅದರ ಕಟ್ಟಡ, ಆಸ್ತಿ, ಕಾಗದಪತ್ರಗಳನ್ನು ಆತಿಥೇಯ ರಾಷ್ಟ್ರ ಕಾಪಾಡಬೇಕೆಂದು ಅದೇ ಒಡಂಬಡಿಕೆಯ 45ನೆಯ ವಿಧಿ ಹೇಳುತ್ತದೆ. ಮೂರನೆಯ ರಾಷ್ಟ್ರವೊಂದಕ್ಕೆ ಅವುಗಳ ಉಸ್ತುವಾರಿಯನ್ನು ವಹಿಸುವ ಪದ್ಧತಿಯೂ ಉಂಟು.

ವ್ಯಾಪಾರಿಗಳಿಗೆ ಮುಖ್ಯವಾದ ಎರಡು ಅಂಶಗಳು ಬೇರೆಡೆ ಇವೆ. 1963ರ ದೂತಾವಾಸ ಒಡಂಬಡಿಕೆಯ ಪ್ರಕಾರ, ರಾಜತಾಂತ್ರಿಕ ಸಂಬಂಧ ಕಡಿದ ಮಾತ್ರಕ್ಕೆ ದೂತಾವಾಸ ಸಂಬಂಧ ತಾನಾಗಿ ಕಡಿಯುವುದಿಲ್ಲ. ವೀಸಾ, ಪಾಸ್‌ಪೋರ್ಟ್, ಜನನ–ಮರಣ ನೋಂದಣಿ, ದಸ್ತಾವೇಜುಗಳ ದೃಢೀಕರಣ ಇವೆಲ್ಲ ದೂತಾವಾಸದ ಕೆಲಸಗಳು. 2021ರಲ್ಲಿ ಸಂಬಂಧ ಕಡಿತವನ್ನು ಪ್ರಕಟಿಸಿದ ಅಲ್ಜೀರಿಯಾದ ವಿದೇಶಾಂಗ ಸಚಿವ ರಮ್ತಾನ್ ಲಮಾಮ್ರಾ ಅವರು ದೂತಾವಾಸಗಳು ಎಂದಿನಂತೆ ಕಾರ್ಯ ನಿರ್ವಹಿಸುವುವೆಂದು ಸ್ಪಷ್ಟಪಡಿಸಿದ್ದು ಈ ಕಾರಣದಿಂದಲೇ. ಎರಡನೆಯದಾಗಿ, ಒಪ್ಪಂದಗಳ ಕಾನೂನು ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 63ನೆಯ ವಿಧಿಯಂತೆ, ಸಂಬಂಧ ಕಡಿದುದರಿಂದ ಎರಡು ರಾಷ್ಟ್ರಗಳ ನಡುವಿನ ಒಪ್ಪಂದಗಳು ರದ್ದಾಗುವುದಿಲ್ಲ. ಆ ಒಪ್ಪಂದ ನಡೆಯಲು ರಾಯಭಾರ ಸಂಬಂಧ ಅನಿವಾರ್ಯವಾದಲ್ಲಿ ಮಾತ್ರ ಅದಕ್ಕೆ ಅಪವಾದ. ಅಂದರೆ ರಾಜಕೀಯ ಕೋಪವು ವಾಣಿಜ್ಯ ಕರಾರನ್ನು ಮುಟ್ಟಬೇಕಾದರೆ ಬೇರೆಯೇ ಆದೇಶ ಬೇಕು. ಅಲ್ಜೀರಿಯಾ ಅಂತಹ ಆದೇಶಗಳನ್ನು ಒಂದೊಂದಾಗಿ ಹೊರಡಿಸುತ್ತ ಬಂದಿತು.

2021ರ ಕಡಿತಕ್ಕೆ ಅಲ್ಜೀರಿಯಾ ಮುಂದಿಟ್ಟ ಕಾರಣಗಳು ಹಲವು. 2020ರ ಡಿಸೆಂಬರ್‌ನಲ್ಲಿ ಅಮೆರಿಕವು ಪಶ್ಚಿಮ ಸಹಾರಾದ ಮೇಲೆ ಮೊರಾಕ್ಕೊದ ಸಾರ್ವಭೌಮತ್ವವನ್ನು ಮಾನ್ಯಮಾಡಿತ್ತು. ಅದರೊಡನೆಯೇ ಮೊರಾಕ್ಕೊ ಇಸ್ರೇಲಿನೊಂದಿಗೆ ಸಂಬಂಧವನ್ನು ಪುನರಾರಂಭಿಸಿತು. 2021ರ ಜುಲೈನಲ್ಲಿ ವಿಶ್ವಸಂಸ್ಥೆಯಲ್ಲಿನ ಮೊರಾಕ್ಕೊ ಪ್ರತಿನಿಧಿ, ಅಲ್ಜೀರಿಯಾದ ಕಬೀಲಿಯಾ ಪ್ರಾಂತದ ಜನರ ಸ್ವಯಂನಿರ್ಣಯದ ಪ್ರಶ್ನೆಯನ್ನೆತ್ತಿ ಗಾಯಕ್ಕೆ ಉಪ್ಪು ಸವರಿದರು. ಪೆಗಾಸಸ್ ಗೂಢಚರ್ಯೆಯ ಆರೋಪ, ಆ ಬೇಸಿಗೆಯ ಕಾಡ್ಗಿಚ್ಚಿನ ಹಿಂದೆ ಹೊರಗಿನ ಕೈವಾಡವಿದೆಯೆಂಬ ಆರೋಪಗಳೂ ಸೇರಿಕೊಂಡವು. ಮೊರಾಕ್ಕೊ ಇವೆಲ್ಲವನ್ನೂ ನಿರಾಕರಿಸಿ, ಈ ಕ್ರಮ ಸಂಪೂರ್ಣ ಅಸಮರ್ಥನೀಯವೆಂದಿತು. ಮುಂದಿನ ತಿಂಗಳು, ಸೆಪ್ಟೆಂಬರ್ 22ರಂದು, ಮೊರಾಕ್ಕೊದ ವಿಮಾನಗಳಿಗೆ ಅಲ್ಜೀರಿಯಾದ ವಾಯುಪ್ರದೇಶವೂ ಮುಚ್ಚಿತು. 2024ರ ಸೆಪ್ಟೆಂಬರ್‌ನಲ್ಲಿ ಮೊರಾಕ್ಕೊ ಪಾಸ್‌ಪೋರ್ಟ್ ಹೊಂದಿದವರಿಗೆ ವೀಸಾ ಮತ್ತೆ ಕಡ್ಡಾಯವಾಯಿತು. ಕಾಸಾಬ್ಲಾಂಕಾದಿಂದ ಅಲ್ಜಿಯರ್ಸ್‌ಗೆ ಹೋಗಬೇಕಾದವರು ಟ್ಯುನಿಸ್ ಅಥವಾ ಯುರೋಪಿನ ಯಾವುದಾದರೂ ನಗರವನ್ನು ಬಳಸಿ ಹೋಗಬೇಕು. 2023ರ ಜನವರಿಯಲ್ಲಿ ಅಲ್ಜೀರಿಯಾದಲ್ಲಿ ನಡೆದ ಆಫ್ರಿಕನ್ ಫುಟ್‌ಬಾಲ್ ಪಂದ್ಯಾವಳಿಗೆ ನೇರ ವಿಮಾನಕ್ಕೆ ಅನುಮತಿ ದೊರೆಯದ ಕಾರಣ ಮೊರಾಕ್ಕೊ ತಂಡ ಮನೆಯಲ್ಲೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೊರಾಕ್ಕೊದಲ್ಲಿ ಭೀಕರ ಭೂಕಂಪವಾದಾಗ ಮಾತ್ರ ಪರಿಹಾರ ಸಾಮಗ್ರಿ ಸಾಗಿಸುವ ವಿಮಾನಗಳಿಗೆ ಅಲ್ಜೀರಿಯಾ ತನ್ನ ಆಕಾಶವನ್ನು ತೆರೆದಿತ್ತು.

ಅನಿಲ ಕೊಳವೆಯ ಕಥೆ

ಈ ಇಡೀ ಪ್ರಕರಣದಲ್ಲಿ ವಾಣಿಜ್ಯದ ವಿದ್ಯಾರ್ಥಿಗೆ ಅತ್ಯಂತ ಸ್ವಾರಸ್ಯಕರವಾದುದು ಮಘ್ರೆಬ್–ಯುರೋಪ್ ಅನಿಲ ಕೊಳವೆ ಮಾರ್ಗ. ಅಲ್ಜೀರಿಯಾದ ಹಸ್ಸಿ ರ‍್ಮೆಲ್ ಅನಿಲಕ್ಷೇತ್ರದಿಂದ ಹೊರಟು, ಮೊರಾಕ್ಕೊದ ನೆಲದಲ್ಲಿ ಸುಮಾರು 540 ಕಿಲೋಮೀಟರ್ ಸಾಗಿ, ಜಿಬ್ರಾಲ್ಟರ್ ಜಲಸಂಧಿಯ ತಳದಲ್ಲಿ ಹಾಯ್ದು ಸ್ಪೇನ್ ತಲುಪುವ ಈ ಕೊಳವೆ 1996ರಲ್ಲಿ ಕಾರ್ಯಾರಂಭ ಮಾಡಿತು. ಇಸವಿಯನ್ನು ಗಮನಿಸಬೇಕು. ಗಡಿ ಮುಚ್ಚಿದ್ದು 1994ರಲ್ಲಿ. ಮನುಷ್ಯರು ದಾಟಲಾಗದ ಗಡಿಯನ್ನು ಎರಡು ವರ್ಷಗಳ ನಂತರ ಅನಿಲವು ದಾಟತೊಡಗಿತು, ಮುಂದಿನ ಕಾಲು ಶತಮಾನ ದಾಟುತ್ತಲೇ ಇತ್ತು.

ಕಾರಣ ಸರಳ. ಅಲ್ಜೀರಿಯಾಕ್ಕೆ ಸ್ಪೇನ್, ಪೋರ್ಚುಗಲ್‌ಗಳ ಮಾರುಕಟ್ಟೆ ಬೇಕಿತ್ತು. ಮೊರಾಕ್ಕೊಗೆ ಹಾದಿಯ ಬಾಡಿಗೆ ಸಿಗುತ್ತಿತ್ತು. ಹಾಯುವ ಅನಿಲದ ಸುಮಾರು ಶೇ. 7ರಷ್ಟು ಪಾಲನ್ನು ಅದು ಸಾಗಣೆ ಶುಲ್ಕವಾಗಿ, ಹಣ ಅಥವಾ ಅನಿಲದ ರೂಪದಲ್ಲಿ, ಪಡೆಯುತ್ತಿತ್ತು. ಟ್ಯಾಂಜಿಯರ್ ಬಳಿಯ ತಹದ್ದಾರ್ತ್ ಮತ್ತು ಉಜ್ದಾ ಸಮೀಪದ ಐನ್ ಬೆನಿ ಮಥಾರ್ ವಿದ್ಯುತ್ ಸ್ಥಾವರಗಳು ಈ ಅನಿಲದಿಂದಲೇ ನಡೆಯುತ್ತಿದ್ದವು. ದೇಶದ ವಿದ್ಯುತ್ತಿನಲ್ಲಿ ಇವುಗಳ ಪಾಲು ಸುಮಾರು ಹತ್ತನೇ ಒಂದು. ಕೊಳವೆಯನ್ನು ಕತ್ತರಿಸಿದರೆ ಇಬ್ಬರಿಗೂ ನಷ್ಟ, ಮೂರನೆಯವನಾದ ಯುರೋಪಿನ ಗಿರಾಕಿಗೆ ಕೋಪ. ವೈರವಿದ್ದೂ ಕೊಳವೆ ಉಳಿದುದು ಈ ತ್ರಿಕೋನದ ಬಲದಿಂದ.

ತ್ರಿಕೋನ ಸಡಿಲವಾದದ್ದು 2011ರಲ್ಲಿ ಮೆಡ್‌ಗಾಜ್ ಕೊಳವೆ ಚಾಲನೆಗೊಂಡಾಗ. ಅಲ್ಜೀರಿಯಾದ ಬೆನಿ ಸಾಫ್‌ನಿಂದ ಸಮುದ್ರದಡಿಯಲ್ಲಿ ಸುಮಾರು 210 ಕಿಲೋಮೀಟರ್ ಸಾಗಿ ಸ್ಪೇನಿನ ಅಲ್ಮೇರಿಯಾವನ್ನು ನೇರವಾಗಿ ಮುಟ್ಟುವ ಈ ಮಾರ್ಗಕ್ಕೆ ಮೊರಾಕ್ಕೊದ ಹಂಗಿಲ್ಲ. ವರ್ಷಕ್ಕೆ 800 ಕೋಟಿ ಘನಮೀಟರ್ ಇದ್ದ ಅದರ ಸಾಮರ್ಥ್ಯವನ್ನು ಆಮೇಲೆ ಸುಮಾರು 1,000 ಕೋಟಿ ಘನಮೀಟರಿಗೆ ಏರಿಸಲಾಯಿತು. ಬದಲಿ ದಾರಿ ಕೈಗೆ ಬಂದ ಮೇಲೆ ಹಳೆಯ ದಾರಿಯ ಬಾಡಿಗೆದಾರನಿಗೆ ಬೆಲೆ ಇಳಿಯುವುದು ವ್ಯಾಪಾರದಲ್ಲಿ ಹೊಸತೇನಲ್ಲ. ಆದರೂ 2021ರ ಆಗಸ್ಟ್ 24ರಂದು ಸಂಬಂಧ ಕಡಿದ ಅಲ್ಜೀರಿಯಾ ಅಂದೇ ಅನಿಲವನ್ನು ನಿಲ್ಲಿಸಲಿಲ್ಲ. 25 ವರ್ಷಗಳ ಕರಾರು ಅಕ್ಟೋಬರ್ 31ರಂದು ಮುಗಿಯುವವರೆಗೆ ಸರಬರಾಜು ನಡೆಯಿತು. ಅಧ್ಯಕ್ಷ ಅಬ್ದೆಲ್‌ಮಜೀದ್ ತೆಬ್ಬೂನ್ ಅವರು ಸರಕಾರಿ ಸ್ವಾಮ್ಯದ ಸೊನಾಟ್ರಾಕ್ ಕಂಪನಿಗೆ ಕರಾರನ್ನು ನವೀಕರಿಸದಂತೆ ಸೂಚಿಸಿದರು, ಅಷ್ಟೆ. ಕರಾರುಭಂಗದ ಕಳಂಕವನ್ನು ತಂದುಕೊಳ್ಳದೆಯೇ ಉದ್ದೇಶ ಈಡೇರಿತು. ಯುರೋಪಿಗೆ ಅನಿಲ ಮಾರುವ ದೇಶಕ್ಕೆ ನಂಬಿಕಸ್ಥ ಮಾರಾಟಗಾರನೆಂಬ ಹೆಸರಿನ ಬೆಲೆ ಏನೆಂಬುದು ಅಲ್ಜಿಯರ್ಸ್‌ನ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಬರಿದಾದ ಕೊಳವೆ ಬಹುಕಾಲ ಬರಿದಾಗಿ ಉಳಿಯಲಿಲ್ಲ. ಮೊರಾಕ್ಕೊ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ದ್ರವೀಕೃತ ಅನಿಲವನ್ನು ಕೊಂಡು, ಸ್ಪೇನಿನ ಬಂದರುಗಳಲ್ಲಿ ಅದನ್ನು ಮತ್ತೆ ಅನಿಲವಾಗಿಸಿ, ಅದೇ ಕೊಳವೆಯಲ್ಲಿ ಹಿಮ್ಮುಖವಾಗಿ ತರಿಸಿಕೊಳ್ಳುವ ಏರ್ಪಾಡು ಮಾಡಿಕೊಂಡಿತು. 2022ರ ಜೂನ್ ಕೊನೆಯಲ್ಲಿ ಈ ಹಿಮ್ಮುಖ ಹರಿವು ಆರಂಭವಾಯಿತು. ಇದಕ್ಕೂ ಮೊದಲೇ ಅಲ್ಜೀರಿಯಾ, ತಾನು ಮಾರಿದ ಅನಿಲದ ಒಂದು ಅಂಶವಾದರೂ ಮೊರಾಕ್ಕೊಗೆ ತಿರುಗಿದರೆ ಕರಾರುಭಂಗವೆಂದು ಪರಿಗಣಿಸುವುದಾಗಿ ಸ್ಪೇನಿಗೆ ಎಚ್ಚರಿಕೆ ನೀಡಿತ್ತು. ಆದ್ದರಿಂದ ಕೊಳವೆಗೆ ಹೋಗುವ ಅನಿಲ ಅಲ್ಜೀರಿಯಾದ್ದಲ್ಲವೆಂದು ಸ್ಪೇನ್ ದೃಢೀಕರಣ ನೀಡಬೇಕಾಯಿತು. ಮೂಲ ಪ್ರಮಾಣಪತ್ರಗಳನ್ನು ದಿನನಿತ್ಯ ನೀಡುವ ವಾಣಿಜ್ಯ ಮಂಡಳಿಗಳಿಗೆ ಪರಿಚಿತವಾದ ಈ ವಿಧಿ, ಬಣ್ಣವೂ ವಾಸನೆಯೂ ಇಲ್ಲದ ಅನಿಲಕ್ಕೂ ಅನ್ವಯವಾದ ಅಪರೂಪದ ಸಂದರ್ಭವಿದು.

ಗಡಿಯಂಚಿನ ಬದುಕು

ಅನಿಲ, ಕೊಳವೆ, ಬಂದರುಗಳ ಲೆಕ್ಕವನ್ನು ಸರಕಾರಗಳು ಬರೆದಿಡುತ್ತವೆ. ಗಡಿಯ ಊರುಗಳ ನಷ್ಟಕ್ಕೆ ಅಂಥ ಖಾತೆ ಇಲ್ಲ. ಮೊರಾಕ್ಕೊದ ಉಜ್ದಾ ಮತ್ತು ಅಲ್ಜೀರಿಯಾದ ಮಘ್ನಿಯಾ, ತ್ಲೆಮ್‌ಸೆನ್ ನಗರಗಳ ನಡುವೆ ತಲೆಮಾರುಗಳಿಂದ ಕೊಡುಕೊಳ್ಳುವಿಕೆ ಇತ್ತು. ಹೆಣ್ಣು ಕೊಟ್ಟು ತಂದ ಸಂಬಂಧಗಳಿದ್ದವು. ಗಡಿ ಮುಚ್ಚಿದಾಗ ಉಜ್ದಾದ ಹೋಟೆಲುಗಳೂ ಅಂಗಡಿಗಳೂ ತಮ್ಮ ಮುಖ್ಯ ಗಿರಾಕಿಗಳನ್ನು ಕಳೆದುಕೊಂಡವು. ಸಮುದ್ರ ತೀರದ ಸಯೀದಿಯಾ ಬಳಿ, ಎರಡು ದೇಶಗಳನ್ನು ಬೇರ್ಪಡಿಸುವ ಕಿರಿದಾದ ಹೊಳೆಯ ಎರಡೂ ಕಡೆ ನಿಂತು ಬಂಧುಗಳು ಪರಸ್ಪರ ಕೈಬೀಸಿ, ಕೂಗಿ ಮಾತನಾಡಿಸಿಕೊಳ್ಳುವ ದೃಶ್ಯ ಸಾಮಾನ್ಯವಾಯಿತು.

ಕಾನೂನುಬದ್ಧ ವ್ಯಾಪಾರ ನಿಂತಲ್ಲಿ ಕಳ್ಳವ್ಯಾಪಾರ ಹುಟ್ಟುವುದು ಸಹಜ. ಅಲ್ಜೀರಿಯಾದಲ್ಲಿ ಪೆಟ್ರೋಲ್, ಡೀಸೆಲ್‌ಗಳಿಗೆ ಸರಕಾರದ ಭಾರಿ ಸಹಾಯಧನವಿದೆ. ಮೊರಾಕ್ಕೊ ತನಗೆ ಬೇಕಾದ ತೈಲವನ್ನು ಆಮದು ಮಾಡಿಕೊಳ್ಳುವ ದೇಶ. ಈ ಬೆಲೆ ವ್ಯತ್ಯಾಸವೇ ಕಳ್ಳಸಾಗಣೆಗೆ ಬಂಡವಾಳ. ಹೆಚ್ಚುವರಿ ಟ್ಯಾಂಕ್ ಅಳವಡಿಸಿದ ಹಳೆಯ ಕಾರುಗಳೂ, ಕ್ಯಾನುಗಳನ್ನು ಹೊತ್ತು ಯಾರ ನಡೆಸುವಿಕೆಯೂ ಇಲ್ಲದೆ ದಾರಿ ಬಲ್ಲ ಕತ್ತೆಗಳೂ ರಾತ್ರಿಯ ಹೊತ್ತು ಗಡಿ ದಾಟುತ್ತಿದ್ದವು. ಉಜ್ದಾದ ರಸ್ತೆ ಬದಿಗಳಲ್ಲಿ ಕ್ಯಾನುಗಳಲ್ಲಿ ಇಂಧನ ಮಾರುವುದು ಬಹಿರಂಗ ದಂಧೆಯಾಗಿತ್ತು. ಈ ಸಾಗಣೆದಾರರಿಗೆ ಅಲ್ಜೀರಿಯಾದಲ್ಲಿ ‘ಹಲ್ಲಾಬಾ’, ಅಂದರೆ ಹಾಲು ಕರೆಯುವವರು, ಎಂಬ ಹೆಸರು ಬಿದ್ದಿತು. ಅತ್ತ ಕಡೆಯಿಂದ ಹಣ್ಣು ತರಕಾರಿ, ಬಟ್ಟೆಬರೆಗಳ ಜೊತೆಗೆ ಮಾದಕ ವಸ್ತುವೂ ಹೋಗುತ್ತಿತ್ತು. 2013ರಿಂದ ಅಲ್ಜೀರಿಯಾ ಕಂದಕ ತೋಡತೊಡಗಿತು. 2014ರಲ್ಲಿ ಮೊರಾಕ್ಕೊ ಬೇಲಿ ಹಾಕಲಾರಂಭಿಸಿತು. ಕಳ್ಳವ್ಯಾಪಾರ ಬಹುಪಾಲು ಅಡಗಿತು, ಆದರೆ ಅದನ್ನೇ ನಂಬಿದ್ದ ಸಾವಿರಾರು ಮನೆಗಳಿಗೆ ಅದರ ಸ್ಥಾನದಲ್ಲಿ ಬೇರೆ ದುಡಿಮೆ ಬರಲಿಲ್ಲ.

ದಕ್ಷಿಣದ ಫಿಗಿಗ್ ಓಯಸಿಸ್‌ನ ಕಥೆ ಇನ್ನೂ ದಾರುಣ. ಅಲ್ಲಿಯ ಮೊರಾಕ್ಕನ್ ರೈತರು ಅಲ್ ಅರ್ಜಾ ಎಂಬಲ್ಲಿ ತಲೆಮಾರುಗಳಿಂದ ಖರ್ಜೂರ ಬೆಳೆಯುತ್ತಿದ್ದರು. ಗಡಿರೇಖೆಯಂತೆ ಆ ತೋಟಗಳಿದ್ದುದು ಅಲ್ಜೀರಿಯಾದ ಕಡೆ. ದಶಕಗಳವರೆಗೆ ಯಾರೂ ಆಕ್ಷೇಪಿಸಿರಲಿಲ್ಲ. 2021ರ ಮಾರ್ಚ್ 18ರೊಳಗೆ ತೋಟಗಳನ್ನು ಬಿಟ್ಟು ಹೋಗಬೇಕೆಂದು ಅಲ್ಜೀರಿಯಾದ ಸೇನೆ ಸೂಚಿಸಿತು. ರೈತರು ನೆಟ್ಟು ನೀರೆರೆದ ಮರಗಳನ್ನು ಬಿಟ್ಟು ಹಿಂದಿರುಗಿದರು. ಖರ್ಜೂರದ ಮರ ಚೆನ್ನಾಗಿ ಫಲ ಕೊಡಲು ವರ್ಷಗಳೇ ಬೇಕೆಂಬುದನ್ನು ಬಲ್ಲವರಿಗೆ ಈ ನಷ್ಟದ ಅಳತೆ ತಿಳಿದೀತು. ಕೋಣಗಳೆರಡರ ಕಾಳಗದಲ್ಲಿ ಗಿಡಕ್ಕೆ ಮರಣವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಬಂದರು ಮತ್ತು ಬ್ಯಾಂಕು

ಮಘ್ರೆಬ್ ದೇಶಗಳ ಪರಸ್ಪರ ವ್ಯಾಪಾರವು ಅವುಗಳ ಒಟ್ಟು ವ್ಯಾಪಾರದ ಶೇ. 5ಕ್ಕಿಂತಲೂ ಕಡಿಮೆಯೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯು 2019ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಆರ್ಥಿಕ ಏಕೀಕರಣವಾದರೆ ದೀರ್ಘಾವಧಿಯಲ್ಲಿ ಪ್ರತಿ ದೇಶದ ಬೆಳವಣಿಗೆ ದರ ಸರಾಸರಿ ಒಂದು ಶೇಕಡಾಂಶದಷ್ಟು ಏರಬಹುದೆಂಬುದು ಅದರ ಅಂದಾಜು. ಎರಡೂ ದೇಶಗಳಿಗೆ ಯುರೋಪಿಯನ್ ಒಕ್ಕೂಟದೊಡನೆ ಪ್ರತ್ಯೇಕ ಸಹಯೋಗ ಒಪ್ಪಂದಗಳಿವೆ. ಮೊರಾಕ್ಕೊದ್ದು 2000ದಿಂದ, ಅಲ್ಜೀರಿಯಾದ್ದು 2005ರಿಂದ ಜಾರಿಯಲ್ಲಿದೆ. ಸಮುದ್ರದಾಚೆಯವರೊಡನೆ ಸುಂಕದ ರಿಯಾಯಿತಿ, ಪಕ್ಕದ ಮನೆಯವರೊಡನೆ ಮುಳ್ಳುಬೇಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನೆನಪಾಗದಿರದು.

ಸಂಬಂಧ ಕಡಿತದ ಬಿಸಿ ಮೂರನೆಯವರಿಗೆ ತಟ್ಟಿದ್ದು ಬ್ಯಾಂಕುಗಳ ಮೂಲಕ. ಅಲ್ಜೀರಿಯಾದಲ್ಲಿ ಪ್ರತಿಯೊಂದು ಆಮದು ಕರಾರನ್ನೂ ಸ್ಥಳೀಯ ಬ್ಯಾಂಕೊಂದರಲ್ಲಿ ಮೊದಲು ನೋಂದಾಯಿಸಬೇಕು. ಈ ನೋಂದಣಿ ಇಲ್ಲದೆ ವಿದೇಶಿ ವಿನಿಮಯ ಹೊರಹೋಗದು. ಆಮದನ್ನು ತಡೆಯಬೇಕೆಂದರೆ ಸುಂಕ ಏರಿಸಬೇಕಿಲ್ಲ, ನಿಷೇಧದ ಗೆಜೆಟ್ ಪ್ರಕಟಿಸಬೇಕಿಲ್ಲ. ಬ್ಯಾಂಕುಗಳಿಗೆ ಒಂದು ಸುತ್ತೋಲೆ ಸಾಕು. 2024ರ ಜನವರಿಯಲ್ಲಿ ಅಲ್ಜೀರಿಯಾದ ಬ್ಯಾಂಕುಗಳ ಸಂಘವು ಅಂತಹದೊಂದು ಸುತ್ತೋಲೆಯನ್ನು ಹೊರಡಿಸಿ, ಮೊರಾಕ್ಕೊದ ಬಂದರುಗಳ ಮೂಲಕ ಸಾಗುವ ಅಥವಾ ಅಲ್ಲಿ ಹಡಗು ಬದಲಿಸುವ ಸರಕುಗಳ ಕರಾರುಗಳನ್ನು ನೋಂದಾಯಿಸಬಾರದೆಂದು ತಿಳಿಸಿತು. ಗುರಿ ಯಾವುದೆಂಬುದರಲ್ಲಿ ಸಂದೇಹವಿರಲಿಲ್ಲ. ಜಿಬ್ರಾಲ್ಟರ್ ಜಲಸಂಧಿಯ ಬಾಯಲ್ಲಿ 2007ರಲ್ಲಿ ಆರಂಭವಾದ ಟ್ಯಾಂಜಿಯರ್ ಮೆಡ್ ಬಂದರು ಆಫ್ರಿಕಾದ ಅತಿ ದೊಡ್ಡ ಕಂಟೇನರ್ ಬಂದರಾಗಿ ಬೆಳೆದು, 2024ರಲ್ಲಿ ಒಂದು ಕೋಟಿಗೂ ಮೀರಿದ ಟಿಇಯು ಕಂಟೇನರುಗಳನ್ನು ನಿರ್ವಹಿಸಿತು. ಏಷ್ಯಾದಿಂದ ಬರುವ ದೊಡ್ಡ ಹಡಗುಗಳು ಇಂತಹ ಕೇಂದ್ರ ಬಂದರಿನಲ್ಲಿ ಸರಕಿಳಿಸಿ, ಅಲ್ಲಿಂದ ಚಿಕ್ಕ ಹಡಗುಗಳು ಅಲ್ಜಿಯರ್ಸ್, ಓರಾನ್, ಬೆಜಾಯಾಗಳಿಗೆ ಒಯ್ಯುವುದು ರೂಢಿ. ಸುತ್ತೋಲೆಯ ನಂತರ ಇಂತಹ ಸರಕು ವ್ಯಾಲೆನ್ಸಿಯಾ, ಅಲ್ಜೆಸಿರಾಸ್, ಮಾಲ್ಟಾದಂತಹ ಬಂದರುಗಳನ್ನು ಹಿಡಿಯಬೇಕಾಯಿತು. ಟ್ಯಾಂಜಿಯರ್ ಮೆಡ್‌ನ ವಹಿವಾಟು ಆ ವರ್ಷ ತಗ್ಗಲಿಲ್ಲ, ಏರಿತು. ಸಾಗಣೆಯ ಆಯ್ಕೆ ಕಿರಿದಾದದ್ದು ಅಲ್ಜೀರಿಯಾದ ಆಮದುದಾರರಿಗೆ.

ಇದೇ ಅಸ್ತ್ರವನ್ನು ಅಲ್ಜೀರಿಯಾ ಅದಕ್ಕೂ ಮೊದಲು ಸ್ಪೇನಿನ ಮೇಲೆ ಪ್ರಯೋಗಿಸಿತ್ತು. 2022ರ ಮಾರ್ಚ್‌ನಲ್ಲಿ ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಝ್ ಅವರು ಪಶ್ಚಿಮ ಸಹಾರಾ ಕುರಿತ ಮೊರಾಕ್ಕೊದ ಸ್ವಾಯತ್ತತಾ ಯೋಜನೆಯನ್ನು ಬೆಂಬಲಿಸಿದರು. ಜೂನ್ 8ರಂದು ಅಲ್ಜೀರಿಯಾ 2002ರ ಸ್ನೇಹ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಬ್ಯಾಂಕುಗಳ ಮೂಲಕ ಸ್ಪೇನಿನೊಡನೆಯ ಆಮದು–ರಫ್ತು ಪಾವತಿಗಳು ಸ್ಥಗಿತಗೊಂಡವು. ಟೈಲ್ಸ್ ಉದ್ಯಮಕ್ಕೆ ಬೇಕಾದ ಬಣ್ಣ, ಮೆರುಗಿನ ಪದಾರ್ಥಗಳನ್ನು ತಯಾರಿಸುವ ಕಾಸ್ತೆಯೋನ್ ಪ್ರಾಂತದ ಉದ್ಯಮಿಗಳಿಗೆ ದೊಡ್ಡ ಪೆಟ್ಟು ಬಿದ್ದಿತು; ವಿದೇಶಾಂಗ ನೀತಿಯಲ್ಲಿ ಅವರ ಪಾತ್ರ ಲವಲೇಶವೂ ಇರಲಿಲ್ಲ. ಅನಿಲದ ಮಾರಾಟ ಮಾತ್ರ ಒಂದು ದಿನವೂ ನಿಲ್ಲಲಿಲ್ಲ ಎಂಬುದು ಗಮನಾರ್ಹ. ನಿರ್ಬಂಧಗಳು ಸಡಿಲವಾಗಲು 2024ರ ಅಂತ್ಯದವರೆಗೆ ಕಾಯಬೇಕಾಯಿತು.

ಫಾಸ್ಫೇಟ್, ಅಮೋನಿಯಾ ಮತ್ತು ಭಾರತ

ಎರಡು ದೇಶಗಳ ಸಂಪನ್ಮೂಲಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಷ್ಟದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಜಗತ್ತಿನ ಫಾಸ್ಫೇಟ್ ಶಿಲಾ ನಿಕ್ಷೇಪದಲ್ಲಿ ಸುಮಾರು ಶೇ. 70ರಷ್ಟು ಮೊರಾಕ್ಕೊದ ಬಳಿಯಿದೆ. ಈ ಲೆಕ್ಕದಲ್ಲಿ ಪಶ್ಚಿಮ ಸಹಾರಾದ ಬೂ ಕ್ರಾ ಗಣಿಯೂ ಸೇರುತ್ತದೆ. 1920ರಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಓಸಿಪಿ ಸಂಸ್ಥೆ ಖೂರಿಬ್ಗಾದ ಗಣಿಗಳಿಂದ ಅದಿರು ತೆಗೆದು ಜೋರ್ಫ್ ಲಾಸ್ಫರ್‌ನಲ್ಲಿ ಗೊಬ್ಬರವಾಗಿಸುತ್ತದೆ. ಡಿಎಪಿ ತಯಾರಿಕೆಗೆ ಫಾಸ್ಫರಿಕ್ ಆಮ್ಲದೊಡನೆ ಅಮೋನಿಯಾ ಬೇಕು. ಅಮೋನಿಯಾಕ್ಕೆ ನೈಸರ್ಗಿಕ ಅನಿಲ ಬೇಕು. ಅನಿಲವೂ ಅಮೋನಿಯಾ ಕಾರ್ಖಾನೆಗಳೂ ಇರುವುದು ಪಕ್ಕದ ಅಲ್ಜೀರಿಯಾದಲ್ಲಿ. ಮೊರಾಕ್ಕೊ ಮಾತ್ರ ರಷ್ಯಾ, ಟ್ರಿನಿಡಾಡ್‌ಗಳಂತಹ ದೂರದ ಮೂಲಗಳಿಂದ ಅಮೋನಿಯಾವನ್ನು ತರಿಸಿಕೊಳ್ಳುತ್ತ ಬಂದಿದೆ. ಅಲ್ಜೀರಿಯಾ ತನ್ನ ಪೂರ್ವದ ತೆಬೆಸ್ಸಾ ಪ್ರಾಂತದ ಫಾಸ್ಫೇಟನ್ನು ನೆಚ್ಚಿಕೊಂಡು ಪ್ರತ್ಯೇಕ ಗೊಬ್ಬರ ಉದ್ಯಮವನ್ನು ಕಟ್ಟಲು ಹೊರಟಿದೆ. ನೈಜೀರಿಯಾದ ಅನಿಲವನ್ನು ಯುರೋಪಿಗೆ ಒಯ್ಯುವ ವಿಷಯದಲ್ಲಿಯೂ ಅಷ್ಟೆ: ನೈಜರ್ ಮೂಲಕ ಸಹಾರಾ ದಾಟುವ ಅಲ್ಜೀರಿಯಾದ ಯೋಜನೆಯೊಂದು, ಪಶ್ಚಿಮ ಆಫ್ರಿಕಾದ ಕರಾವಳಿ ಸುತ್ತುವ ಮೊರಾಕ್ಕೊದ ಯೋಜನೆಯೊಂದು.

ಭಾರತಕ್ಕೆ ಇದು ದೂರದ ಸಂಗತಿಯಲ್ಲ. ಭಾರತದಲ್ಲಿ ಫಾಸ್ಫೇಟ್ ನಿಕ್ಷೇಪ ಅತ್ಯಲ್ಪ; ಅದಿರು, ಫಾಸ್ಫರಿಕ್ ಆಮ್ಲ, ಸಿದ್ಧ ಡಿಎಪಿ ಮೂರನ್ನೂ ಮೊರಾಕ್ಕೊದಿಂದ ತರಿಸಿಕೊಳ್ಳಲಾಗುತ್ತದೆ. ಓಸಿಪಿಯೊಡನೆ ಭಾರತೀಯ ಕಂಪನಿಗಳ ಪಾಲುದಾರಿಕೆಯ ಇಮಾಸಿಡ್ ಘಟಕ 1990ರ ದಶಕದ ಕೊನೆಯಿಂದ ಫಾಸ್ಫರಿಕ್ ಆಮ್ಲವನ್ನು ತಯಾರಿಸುತ್ತಿದೆ. 2002ರಲ್ಲಿ ಕೇಂದ್ರ ಸರಕಾರ ಪಾರದೀಪ್ ಫಾಸ್ಫೇಟ್ಸ್‌ನ ಬಂಡವಾಳ ಹಿಂತೆಗೆದಾಗ ಅದನ್ನು ಕೊಂಡದ್ದು ಜುವಾರಿ ಮತ್ತು ಓಸಿಪಿಯ ಜಂಟಿ ಸಂಸ್ಥೆ. ಮಂಗಳೂರಿನ ಪಣಂಬೂರಿನಲ್ಲಿರುವ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಂಪನಿಯನ್ನು ಪಾರದೀಪ್‌ನೊಡನೆ ವಿಲೀನಗೊಳಿಸುವ ಪ್ರಸ್ತಾವಕ್ಕೆ 2024ರ ಫೆಬ್ರವರಿಯಲ್ಲಿ ಎರಡೂ ಆಡಳಿತ ಮಂಡಳಿಗಳು ಒಪ್ಪಿಗೆ ನೀಡಿದವು. ಕರ್ನಾಟಕದ ರೈತ ಬಿತ್ತನೆಯ ಕಾಲದಲ್ಲಿ ಕೊಳ್ಳುವ ಚೀಲದ ಬೆಲೆಗೂ ಮಘ್ರೆಬ್‌ನ ರಾಜಕೀಯಕ್ಕೂ ಎಳೆಯೊಂದು ಉಂಟೆಂಬುದು ಇದರಿಂದ ತಿಳಿಯುತ್ತದೆ. ಭಾರತ 1985ರಲ್ಲಿ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ನೀಡಿ, 2000ದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ಬಳಿಕ ಎರಡೂ ದೇಶಗಳೊಡನೆ ಸಮಾನ ಸ್ನೇಹವನ್ನು ಕಾಯ್ದುಕೊಂಡು ಬಂದಿದೆ.

ಮುಂದಿನ ದಾರಿ ಮತ್ತು ರಫ್ತುದಾರರು

ರಾಜಕೀಯ ಗಾಳಿ ಇತ್ತೀಚಿನ ವರ್ಷಗಳಲ್ಲಿ ಮೊರಾಕ್ಕೊದ ಕಡೆ ಬೀಸಿದೆ. ಸ್ವಾಯತ್ತತಾ ಯೋಜನೆಗೆ 2024ರ ಜುಲೈನಲ್ಲಿ ಫ್ರಾನ್ಸ್, 2025ರ ಜೂನ್‌ನಲ್ಲಿ ಬ್ರಿಟನ್ ಬೆಂಬಲ ಸೂಚಿಸಿದವು. 2025ರ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2797ನೆಯ ನಿರ್ಣಯದಲ್ಲಿ ಅದೇ ಯೋಜನೆಯನ್ನು ಮಾತುಕತೆಗೆ ಆಧಾರವೆಂದು ಅಂಗೀಕರಿಸಿತು. ಪರವಾಗಿ 11 ಮತಗಳು ಬಿದ್ದವು. ರಷ್ಯಾ, ಚೀನಾ, ಪಾಕಿಸ್ತಾನ ತಟಸ್ಥವಾಗಿ ಉಳಿದವು. ಆಗ ಮಂಡಳಿಯ ಸದಸ್ಯನಾಗಿದ್ದ ಅಲ್ಜೀರಿಯಾ ಮತದಾನದಲ್ಲಿ ಭಾಗವಹಿಸಲಿಲ್ಲ. ದೊರೆ ಆರನೆಯ ಮಹಮ್ಮದ್ ಅವರು ಅಲ್ಜೀರಿಯಾಕ್ಕೆ ಮಾತುಕತೆಯ ಆಹ್ವಾನವನ್ನು ಹಲವು ಬಾರಿ ನೀಡಿದ್ದಾರೆ. ಪಶ್ಚಿಮ ಸಹಾರಾ ಪ್ರಶ್ನೆ ಪೂರ್ತಿಯಾಗಿ ಇತ್ಯರ್ಥವಾಗದೆ ಗಡಿ ತೆರೆಯದೆಂದು ವಾದಿಸುವವರಿದ್ದಾರೆ. 1988ರ ಅನುಭವ ಬೇರೆಯೇ ಹೇಳುತ್ತದೆ. ಆಗ ಆ ಪ್ರಶ್ನೆ ಹಾಗೆಯೇ ಉಳಿದಿದ್ದರೂ ಸಂಬಂಧ ಕೂಡಿತ್ತು, ಕೊಳವೆಯ ಒಪ್ಪಂದವೂ ಆಗಿತ್ತು.

ಈ ನಡುವೆ ಅಲ್ಜೀರಿಯಾಕ್ಕೆ ಸರಕು ಕಳುಹಿಸುವ ರಫ್ತುದಾರರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಹಡಗು ಕಂಪನಿಯೊಡನೆ ದರ ನಿಗದಿಪಡಿಸುವಾಗಲೇ ಸರಕು ಯಾವ ಬಂದರಿನಲ್ಲಿ ಹಡಗು ಬದಲಿಸುತ್ತದೆಂಬುದನ್ನು ಬರಹದಲ್ಲಿ ಪಡೆಯುವುದು ಲೇಸು. ಕಡಿಮೆ ದರದ ಮಾರ್ಗ ಮೊರಾಕ್ಕೊದ ಬಂದರನ್ನು ಹಾಯುವಂತಿದ್ದಲ್ಲಿ ಅಲ್ಲಿಯ ಬ್ಯಾಂಕು ಕರಾರನ್ನು ನೋಂದಾಯಿಸದಿರಬಹುದು. ಖರೀದಿದಾರನು ತನ್ನ ಬ್ಯಾಂಕಿನ ನೋಂದಣಿಯನ್ನು ಪೂರೈಸಿರುವನೆಂಬ ಖಚಿತತೆ ದೊರೆತ ನಂತರವೇ ಸರಕು ಹೊರಡಿಸಬೇಕು. ಸಾಲಪತ್ರಗಳಿಗೆ ಅನ್ವಯಿಸುವ ಯುಸಿಪಿ 600 ನಿಯಮಾವಳಿಯ 36ನೆಯ ವಿಧಿಯಂತೆ, ಬ್ಯಾಂಕಿನ ನಿಯಂತ್ರಣಕ್ಕೆ ಮೀರಿದ ಕಾರಣಗಳಿಂದ ವ್ಯವಹಾರ ಸ್ಥಗಿತಗೊಂಡ ಅವಧಿಯಲ್ಲಿ ಮುಗಿದುಹೋದ ಸಾಲಪತ್ರಕ್ಕೆ ಬ್ಯಾಂಕು ಆಮೇಲೆ ಹಣ ಕೊಡಬೇಕಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಭಾರತೀಯ ರಫ್ತು ಸಾಲ ಖಾತರಿ ನಿಗಮದ ವಿಮೆಯು ಖರೀದಿದಾರನ ದೇಶದ ಸರಕಾರ ಹೇರುವ ಪಾವತಿ ನಿರ್ಬಂಧ, ಹೊಸ ಆಮದು ನಿರ್ಬಂಧಗಳಂತಹ ರಾಜಕೀಯ ಅಪಾಯಗಳಿಗೂ, ಹಡಗಿನ ದಾರಿ ಬದಲಾದಾಗ ತಗಲುವ ಹೆಚ್ಚುವರಿ ಸಾಗಣೆ ವೆಚ್ಚಕ್ಕೂ ರಕ್ಷಣೆ ನೀಡುತ್ತದೆ. ವಿಮಾ ಪತ್ರದ ಷರತ್ತುಗಳನ್ನು ಸರಕು ಹಡಗೇರುವ ಮೊದಲು ಓದಿ, ಅಲ್ಜೀರಿಯಾಕ್ಕೆ ಆ ದಿನ ಅನ್ವಯಿಸುವ ರಕ್ಷಣೆಯ ಪ್ರಮಾಣವನ್ನು ನಿಗಮದ ಶಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.